ರವೆ ಡಬ್ಬಿಯ ಆರು ವಾರ

ಆಷಾಢದ ಮೊದಲ ಭಾನುವಾರ, ಬೆಳಿಗ್ಗೆ ಏಳರ ಹೊತ್ತು. ಮೈಸೂರು ರಸ್ತೆಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ದೀಪಾಂಜಲಿ ನಗರದ ಆ ಮನೆಯ ಮಹಡಿಯ ಮೇಲೆ ಹರವಿದ್ದ ಬಟ್ಟೆ ಒಂದೂ ನೆಟ್ಟಗೆ ನಿಂತಿರಲಿಲ್ಲ. ಪಕ್ಕದ ಮನೆಯ ಸಜ್ಜದ ಮೇಲೆ ಹಾರಿ ಬಿದ್ದ ಲಂಗವನ್ನು ಕೋಲಿನಿಂದ ಎಳೆದುಕೊಳ್ಳುತ್ತಿದ್ದ ಮುನಿತಾಯಮ್ಮನಿಗೆ ಕೆಳಗೆ ಮಗನೂ ಸೊಸೆಯೂ ಮಾತಿಗೆ ಮಾತು ಬೆಳೆಸುತ್ತಿರುವುದು ಕೇಳಿಸಿತು. ಅವಳು ಅವಸರಪಡಲಿಲ್ಲ. ಜಗಳದ ನಡುವೆ ಹೋಗಿ ನಿಂತರೆ ಇಬ್ಬರೂ ನಮ್ಮ ಮೇಲೇ ತಿರುಗುತ್ತಾರೆ, ಕೊನೆಗೆ ಹೋದರೆ ಕಾಫಿಯಾದರೂ ಸಿಗುತ್ತದೆ ಎಂಬುದು ಅರವತ್ತೊಂಬತ್ತು ವರ್ಷದಲ್ಲಿ ಅವಳು ಕಲಿತ ಪಾಠ.

ಜಗಳ ಮೊಮ್ಮಗಳ ವಿಷಯಕ್ಕೆ. ವರಲಕ್ಷ್ಮಿ, ಮನೆಯಲ್ಲಿ ವರ, ಹದಿನೆಂಟು ತುಂಬುತ್ತಿದ್ದ ಹುಡುಗಿ. ಪಿಯುಸಿ ಮುಗಿದು ಮಂಡ್ಯದಾಚೆ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ದಸರಾ ಕಳೆದ ಮೇಲೆ ಹೋಗಿ ಸೇರಬೇಕು, ಹಾಸ್ಟೆಲಿನಲ್ಲೇ ಇರಬೇಕು. ಆ ಹಾಸ್ಟೆಲಿನ ಊಟವೇ ತೊಡಕಾಗಿತ್ತು. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿಯೆಲ್ಲ ಚಪಾತಿ. ವರ ಗೋಧಿ ಮುಟ್ಟಿ ಮೂರು ವರ್ಷವಾಗಿತ್ತು.

ಮುಟ್ಟದಂತೆ ಮಾಡಿದವಳು ಮುನಿತಾಯಮ್ಮನೇ. ಮಗ ಸಂಪತ್‌ಗೆ ಸಕ್ಕರೆ ಕಾಯಿಲೆ ಬಂದು ಮನೆಯಲ್ಲಿ ರಾತ್ರಿ ಚಪಾತಿ ಶುರುವಾದ ಮೇಲೆ ಹುಡುಗಿ ಒಣಗುತ್ತ ಬಂದಿದ್ದಳು. ಉಂಡರೆ ಹೊಟ್ಟೆ ಉಬ್ಬರ, ಬೆಳಗಾದರೆ ಭೇದಿ, ಬಾಯಿ ತುಂಬ ಹುಣ್ಣು. ರಕ್ತ ಕಡಿಮೆ ಎಂದು ಕೊಟ್ಟ ಟಾನಿಕ್ಕು ಕುಡಿದದ್ದೇ ಬಂತು. ಒಂದು ಬೇಸಿಗೆಯಲ್ಲಿ ಮಾಗಡಿ ಕಡೆಯ ನೆಂಟರ ಮನೆಯಲ್ಲಿ ತಿಂಗಳಿದ್ದು, ಮುದ್ದೆ ಅನ್ನ ಬಿಟ್ಟು ಬೇರೇನೂ ಕಾಣದೆ, ಕೆನ್ನೆ ತುಂಬಿಕೊಂಡು ಬಂದಳು. ಮನೆಗೆ ಬಂದ ಎರಡು ವಾರಕ್ಕೆ ಮತ್ತೆ ಅದೇ ಹಾಡು. ಮುನಿತಾಯಮ್ಮ ಯಾರನ್ನೂ ಕೇಳದೆ ಹುಡುಗಿಯ ತಟ್ಟೆಯಿಂದ ಚಪಾತಿ ತೆಗೆದು ಮುದ್ದೆ ಇಟ್ಟಳು. ಬನ್ನು, ಬಿಸ್ಕತ್ತು, ಶ್ಯಾವಿಗೆ, ರವೆ ಎಲ್ಲ ನಿಂತವು. ಆರು ತಿಂಗಳಲ್ಲಿ ಹುಡುಗಿ ಮಹಡಿ ಮೆಟ್ಟಿಲು ಓಡಿ ಹತ್ತುವಂತಾದಳು.

ಈಗ ಹಾಸ್ಟೆಲಿನವರು, ಬೇರೆ ಊಟ ಬೇಕಾದರೆ ಡಾಕ್ಟರ ಸರ್ಟಿಫಿಕೇಟು ತನ್ನಿ ಎಂದಿದ್ದರು. ಸೊಸೆ ಕುಸುಮಾ ಮಗಳನ್ನು ಲ್ಯಾಬಿಗೆ ಕರೆದೊಯ್ದು ರಕ್ತ ಕೊಡಿಸಿದ್ದಳು. ಶನಿವಾರ ಸಂಜೆ ರಿಪೋರ್ಟು ಬಂದಿತ್ತು. ನಾರ್ಮಲ್.

"ನಾರ್ಮಲ್ ಅಂದ್ಮೇಲೆ ಮುಗೀತಲ್ಲ," ಎನ್ನುತ್ತಿದ್ದ ಸಂಪತ್. "ಅಮ್ಮ ಸುಮ್ನೆ ಹೆದರಿಸಿ ಮೂರು ವರ್ಷ ಮಗೂಗೆ ಹಬ್ಬದ ಒಬ್ಬಟ್ಟೂ ಇಲ್ದಂಗೆ ಮಾಡಿದ್ಲು. ಎಲ್ಲರ ಥರ ತಿನ್ಲಿ, ಎಲ್ಲರ ಥರ ಇರ್ಲಿ."

"ಹೆದರಿಸಿದ್ರೆ ಯಾರದ್ದಾದ್ರೂ ಕೆನ್ನೆ ತುಂಬ್ಕೊಳುತ್ತಾ?" ಎಂದಳು ಕುಸುಮಾ. "ದೊಡ್ಡ ಡಾಕ್ಟರ್ ಹತ್ರ ಒಂದ್ಸಲ ತೋರಿಸೋಣ."

ಮೆಟ್ಟಿಲ ಮೇಲೆ ಒದ್ದೆ ಲಂಗ ಹಿಡಿದು ನಿಂತಿದ್ದ ಮುನಿತಾಯಮ್ಮನಿಗೆ ಮಗನ ಮಾತು ಚುಚ್ಚಿತು. ಸೊಸೆ ತನ್ನ ಪಕ್ಷ ಹಿಡಿದದ್ದಕ್ಕೆ ಆಶ್ಚರ್ಯವೂ ಆಯಿತು.

ಹೊಟ್ಟೆ ಕರುಳು ನೋಡುವ ಡಾಕ್ಟರು ರಾಜೇಂದ್ರ ಎಂದು, ಬಸವೇಶ್ವರನಗರದಲ್ಲಿ ಚಿಕ್ಕ ಕ್ಲಿನಿಕ್ಕು. ಕುಸುಮಾ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿದಳು. ಸಂಪತ್ ಬಾಪೂಜಿ ನಗರದಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ತನ್ನ ಅಂಗಡಿಯ ಶಟರ್ ಎಳೆದ. ವರ ಅಜ್ಜಿಯನ್ನೂ ಬಿಡದೆ ಎಬ್ಬಿಸಿಕೊಂಡು ಹೋದಳು. ಡಾಕ್ಟರು ರಿಪೋರ್ಟು ನೋಡಿ ಮೊದಲು ಕೇಳಿದ್ದೇ, ಈಗ ಗೋಧಿ ತಿನ್ನುತ್ತಿದ್ದೀಯಾ ಎಂದು. ಮೂರು ವರ್ಷದಿಂದ ಇಲ್ಲ ಎಂದಳು ವರ. ಅವರು ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು.

"ಹಾಗಾದ್ರೆ ಈ ನಾರ್ಮಲ್‌ಗೆ ಬೆಲೆ ಇಲ್ಲ. ಕಳ್ಳ ಬಂದ್ರೆ ತಾನೆ ನಾಯಿ ಬೊಗಳೋದು? ಈ ಪರೀಕ್ಷೆ ನಾಯಿ ಬೊಗಳಿದ್ದನ್ನ ಕೇಳಿಸ್ಕೊಳ್ಳುತ್ತೆ, ಅಷ್ಟೆ. ಮೂರು ವರ್ಷ ಕಳ್ಳನೇ ಬಂದಿಲ್ಲ. ನಾಯಿ ಮಲಗಿಬಿಟ್ಟಿದೆ."

ಅವರು ಸಾವಧಾನವಾಗಿ ಬಿಡಿಸಿ ಹೇಳಿದರು. ಸೀಲಿಯಾಕ್ ಎಂದೊಂದು ಕಾಯಿಲೆ. ಗೋಧಿಯ ಅಂಟಿನ ಅಂಶ ಕೆಲವರ ಕರುಳಿಗೆ ಆಗುವುದಿಲ್ಲ, ತಿಂದಾಗಲೆಲ್ಲ ಒಳಗೋಡೆ ಸವೆಯುತ್ತದೆ. ಗೋಧಿ ಬಿಟ್ಟರೆ ಗಾಯ ಮಾಯುತ್ತದೆ, ಮಾಯ್ದ ಮೇಲೆ ಗುರುತೂ ಸಿಗುವುದಿಲ್ಲ. ಮೊದಲು ವಂಶದ ಗುಣ ನೋಡುವ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಿದರು. ಅದಕ್ಕೆ ಗೋಧಿ ತಿನ್ನಬೇಕಿರಲಿಲ್ಲ. ಅದರಲ್ಲಿ ಆ ಗುಣ ಇಲ್ಲವೆಂದು ಬಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇದೆ ಎಂದು ಬಂತು. ಇದ್ದ ಮಾತ್ರಕ್ಕೆ ಕಾಯಿಲೆ ಇದೆಯೆಂದೂ ಅಲ್ಲ, ಇರುವವರಲ್ಲಿ ಬಹಳ ಜನ ಚೆನ್ನಾಗಿಯೇ ಇರುತ್ತಾರಂತೆ. ಉಳಿದದ್ದು ಒಂದೇ ದಾರಿ. ಆರು ವಾರ, ದಿನವೂ, ಎರಡು ಚಪಾತಿಯಷ್ಟಾದರೂ ಗೋಧಿ ತಿಂದು ಬಂದು ಮತ್ತೆ ರಕ್ತ ಕೊಡಬೇಕು. ಆಮೇಲೆ ಬಾಯಿಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಬೇಕು. ತೀರ ತಡೆಯಲಾಗದಿದ್ದರೆ ಫೋನ್ ಮಾಡಿ, ಮುಂಚೆಯೇ ನೋಡೋಣ ಎಂದರು.

"ಕಾಯಿಲೆ ಬರ್ಲಿ ಅಂತಲೇ ತಿನ್ನಿಸ್ಬೇಕಾ ಸಾಮಿ?" ಎಂದು ಮುನಿತಾಯಮ್ಮ ಕೇಳಿದಳು.

"ಹೌದು ತಾಯಿ. ಕಷ್ಟ, ನಂಗೂ ಗೊತ್ತು. ಆದ್ರೆ ಇದು ಜೀವಮಾನದ ಪಥ್ಯ. ಊಹೆ ಮೇಲೆ ಹಾಕೋಕಾಗಲ್ಲ."

ಕುಸುಮಾ ಎಂಟಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರೂವರೆಗೆ. ಹಾಗಾಗಿ ಬೆಳಗಿನ ತಿಂಡಿಗೆ ಒಂದು ತಟ್ಟೆ ತುಂಬ ಗೋಧಿ ರವೆ ಉಪ್ಪಿಟ್ಟು ಮಾಡಿ ವರಳಿಗೆ ತಿನ್ನಿಸುವ ಕೆಲಸ ಅಜ್ಜಿಗೆ ಬಂತು. ರಾತ್ರಿ ಹುಡುಗಿ ತನ್ನ ಮುದ್ದೆ ಉಣ್ಣಲಿ ಎಂದಾಯಿತು. ಕುಸುಮಾ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರದ ಚೌಕದೊಳಗೆ ಕೆಂಪು ಪೆನ್ನಿನಿಂದ ಒಂದು ಎಂದು ಬರೆದಳು. ಮುನಿತಾಯಮ್ಮನಿಗೆ ಓದು ಅಷ್ಟಕ್ಕಷ್ಟೇ ಆದರೂ ಅಂಕಿ ಬರುತ್ತಿತ್ತು.

ಮೊದಲ ಎರಡು ದಿನ ನಗುವಿನಲ್ಲಿ ಹೋಯಿತು. ಕಾಂಕ್ರೀಟ್ ಹಾಕ್ತಿದೀಯಾ ಅಜ್ಜಿ, ಮೇಲೆ ಇನ್ನೊಂದು ಪೋರ್ಷನ್ ಕಟ್ಟಬಹುದು ಎಂದು ವರ ತಮಾಷೆ ಮಾಡುತ್ತಿದ್ದಳು. ನಾಲ್ಕನೇ ದಿನ ಹೊಟ್ಟೆ ಮದ್ದಳೆಯಾಯಿತು. ಆರನೇ ದಿನಕ್ಕೆ ಬಾಯಲ್ಲಿ ಹುಣ್ಣು. ಒಂಬತ್ತನೇ ದಿನ ಬೆಳಿಗ್ಗೆ ಬಚ್ಚಲಿಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಮುನಿತಾಯಮ್ಮ ಹೋಗಿ ನೋಡಿದರೆ ಹೊಸ್ತಿಲಿಗೆ ತಲೆಯಾನಿಸಿ ಕೂತಿದ್ದಾಳೆ, ಮುಖದಲ್ಲಿ ರಕ್ತವಿಲ್ಲ. ಏಳಕ್ಕಾಗ್ತಿಲ್ಲ ಅಜ್ಜಿ ಎಂದಳು.

ಅಂದು ಮಧ್ಯಾಹ್ನ ಹುಡುಗಿ ಮಲಗಿದ ಮೇಲೆ ಮುನಿತಾಯಮ್ಮ ರವೆ ಡಬ್ಬಿಯನ್ನು ಕೆಳಗಿಳಿಸಿದಳು. ಅದರಲ್ಲಿದ್ದ ಗೋಧಿ ರವೆಯನ್ನು ಒಂದು ಕವರಿಗೆ ಸುರಿದು ತಮ್ಮಲ್ಲೇ ಬಾಡಿಗೆಗಿದ್ದ ಪಂಕಜಾಗೆ ಕೊಟ್ಟುಬಿಟ್ಟಳು. ಡಬ್ಬಿಗೆ ಅಕ್ಕಿ ತರಿ ತುಂಬಿದಳು. ಅಕ್ಕಿ ತರಿ ಉಪ್ಪಿಟ್ಟು ಅವಳ ಕೈಗೆ ಹಳೆಯದು. ಸಣ್ಣ ಉರಿಯಲ್ಲಿ ಹುರಿದು, ಚಿಟಿಕೆ ಅರಿಸಿನ ಹಾಕಿ, ನೀರು ಹದ ನೋಡಿ ತಿರುವಿದರೆ ಯಾವ ರವೆಯೆಂದು ಗುರುತು ಹಿಡಿಯುವವರು ಕಡಿಮೆ. ಮರುದಿನ ಬೆಳಿಗ್ಗೆ ವರ ಮೊದಲ ತುತ್ತು ತಿಂದು, ಇವತ್ತು ಮೆತ್ತಗಿದೆ ಎಂದಳು. ನೀರು ಜಾಸ್ತಿ ಹಾಕಿದೆ ಕಣೇ ಎಂದಳು ಅಜ್ಜಿ.

ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಬೆಳೆಯುತ್ತ ಹೋಯಿತು. ಹುಡುಗಿಯ ಮುಖಕ್ಕೆ ಕಳೆ ಬಂತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ, ಮುನಿತಾಯಮ್ಮನಿಗೂ. ಪರೀಕ್ಷೆ ಏನಾದರೂ ಹೇಳಿಕೊಳ್ಳಲಿ, ಮಗು ಒದ್ದಾಡುತ್ತಿಲ್ಲವಲ್ಲ ಎಂದುಕೊಂಡು ಅವಳು ದಿನ ನೂಕಿದಳು. ಅದರಾಚೆಗೆ ಏನಿದೆ ಎಂದು ಯೋಚಿಸಲಿಲ್ಲ.

ಹನ್ನೆರಡು ದಿನ ಹೀಗೆ ಕಳೆಯಿತು. ಶ್ರಾವಣ ಕಾಲಿಟ್ಟ ಮೇಲಿನ ಭಾನುವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಸಂಪತ್ ಅಂಗಡಿಯಿಂದ ಬರುವಾಗ ಬೇಕರಿಯ ಪಫ್ ತಂದಿದ್ದ. ಮೈ ಒಗ್ಗಿಕೊಂಡಿತು ನೋಡು, ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ ಎಂದು ಮಗಳ ಕೈಗೆ ಕೊಡಲು ಬಂದ. ವರ ಅದನ್ನು ಹಿಡಿದುಕೊಂಡು ಅಜ್ಜಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಮುನಿತಾಯಮ್ಮ ಬಹಳ ದಿನದಿಂದ ನೋಡಿರಲಿಲ್ಲ.

"ಅಜ್ಜಿ, ಸರ್ಟಿಫಿಕೇಟೂ ಬೇಡ, ಏನೂ ಬೇಡ. ಹಾಸ್ಟೆಲ್‌ನಲ್ಲಿ ಎಲ್ಲರ ಜೊತೆ ಕೂತು ಚಪಾತಿ ತಿಂತೀನಿ."

ಮುನಿತಾಯಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ತಾನು ಮಾಡಿದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅವಳಿಗೆ ಆಗ ಕಂಡಿತು. ಎದ್ದು ಹೋಗಿ ರವೆ ಡಬ್ಬಿ ತಂದು ನಡುಮನೆಯಲ್ಲಿ ಇಟ್ಟಳು. ಒಂದು ಹಿಡಿ ತೆಗೆದು ಕುಸುಮಾಳ ಅಂಗೈಗೆ ಹಾಕಿದಳು.

"ಇದು ಅಕ್ಕಿ ತರಿ ಕಣಮ್ಮ. ಹನ್ನೆರಡು ದಿನದಿಂದ ಇದನ್ನೇ ಹಾಕ್ತಿದೀನಿ. ಆ ಪಫ್ ಇಸ್ಕೊ ಅವಳ ಕೈಯಿಂದ."

ಮೊದಲು ಬಾಯಿ ಬಿಟ್ಟವನು ಸಂಪತ್. ಅಂಗಡಿ ಬಾಗಿಲು ಹಾಕಿದ್ದು, ರಜೆ ಹಾಕಿದ್ದು, ಹುಡುಗಿ ಒದ್ದಾಡಿದ್ದು ಎಲ್ಲ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು ಎಂದು ಕೂಗಾಡಿದ. ನಿನಗೆ ನಿನ್ನ ಮಾತೇ ಗೆಲ್ಲಬೇಕು ಅಂದ. ವರ ಪಫ್ಫನ್ನು ಟೇಬಲ್ಲಿನ ಮೇಲಿಟ್ಟು ಮಹಡಿಗೆ ಹೋದಳು. ಅದು ಮಗನ ಕೂಗಾಟಕ್ಕಿಂತ ಹೆಚ್ಚು ಸುಟ್ಟಿತು.

ಕುಸುಮಾ ಅಂಗೈಯಲ್ಲಿನ ತರಿಯನ್ನು ಮತ್ತೆ ಡಬ್ಬಿಗೆ ಸುರಿದು, ಕೈ ಒರೆಸಿಕೊಂಡು, ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು.

"ಯಾಕತ್ತೆ? ನೀವು ಹಿಂಗೆ ಮಾಡೋರಲ್ಲ."

ಆಗ ಮುನಿತಾಯಮ್ಮ ಐವತ್ತೊಂಬತ್ತು ವರ್ಷ ಯಾರಿಗೂ ಹೇಳದ ಮಾತು ಹೇಳಿದಳು. ಅವಳಿಗೆ ಹತ್ತು ವರ್ಷ, ತಂಗಿ ಪುಟ್ಟತಾಯಿಗೆ ಐದು. ಅಕ್ಕಿ ರಾಗಿ ಸಿಗದೆ ರೇಷನ್ನಿನಲ್ಲಿ ಗೋಧಿ ಕೊಡುತ್ತಿದ್ದ ಕಾಲ. ಸ್ಕೂಲಿನಲ್ಲಿ ಮಧ್ಯಾಹ್ನಕ್ಕೆ ಗೋಧಿ ನುಚ್ಚಿನ ಉಪ್ಪಿಟ್ಟು. ಸಣ್ಣವಳು ಆಸೆಪಡುತ್ತಾಳೆಂದು ಮುನಿತಾಯಮ್ಮ ತನ್ನ ಪಾಲನ್ನು ಎಲೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಪುಟ್ಟತಾಯಿ ಓಡಿ ಬಂದು ಇಸಿದುಕೊಳ್ಳುತ್ತಿದ್ದಳು. ಬರಬರುತ್ತ ಹೊಟ್ಟೆ ಗುಡಾಣ, ಕೈಕಾಲು ಕಡ್ಡಿ. ದೃಷ್ಟಿ ಎಂದು ತಾಯಿತ ಕಟ್ಟಿಸಿದರು. ಸೊರಗಿದ ಮಗುವಿಗೆ ಶಕ್ತಿ ಬರಲೆಂದು ಅವ್ವ ಗೋಧಿ ಗಂಜಿ ಕುಡಿಸಿದಳು.

"ಎರಡು ವರ್ಷಕ್ಕೆ ಹೋಯ್ತು. ನಾನು ಆಮೇಲೆ ಸ್ಕೂಲಿಗೆ ಹೋಗ್ಲಿಲ್ಲ, ಗೋಧಿ ಮುಟ್ಲಿಲ್ಲ. ಇದರಿಂದ್ಲೇ ಹೋಯ್ತು ಅಂತ ನಂಗೇನು ಗೊತ್ತು? ಗೊತ್ತಿಲ್ಲ ಕಣಮ್ಮ. ಆದ್ರೆ ಆವತ್ತು ಬಚ್ಚಲ ಹತ್ರ ಇವಳು ಕೂತಿದ್ಲಲ್ಲ, ಅವಳೇ ಕೂತಿದ್ದಂಗಿತ್ತು. ಈ ಕೈಲಿ ಎರಡನೇ ಸಲ ಕೊಡಕ್ಕೆ ಆಗ್ಲಿಲ್ಲ."

ಸಂಪತ್‌ಗೆ ಅಂಥ ಚಿಕ್ಕಮ್ಮ ಒಬ್ಬಳಿದ್ದಳೆಂಬುದೇ ತಿಳಿದಿರಲಿಲ್ಲ.

ಕುಸುಮಾ ಎದ್ದು ಕ್ಯಾಲೆಂಡರಿನ ಹತ್ತಿರ ಹೋಗಿ, ಕೆಂಪು ಅಂಕಿಗಳ ಮೇಲೆಲ್ಲ ಗೀಟು ಹಾಕಿದಳು. ಸೋಮವಾರದ ಚೌಕದಲ್ಲಿ ಮತ್ತೆ ಒಂದು ಎಂದು ಬರೆದಳು. ಆಮೇಲೆ ಮೂಲೆಯ ಅಂಗಡಿಗೆ ಹೋಗಿ ಗೋಧಿ ರವೆ ತಂದು, ಡಬ್ಬಿ ತೊಳೆದು ಒರೆಸಿ ತುಂಬಿ, ಅತ್ತೆಯ ಮುಂದೆಯೇ ತಂದಿಟ್ಟಳು.

"ನಾಳೆಯಿಂದ್ಲೂ ನೀವೇ ಮಾಡಿ ಅತ್ತೆ. ನಾನು ಡ್ಯೂಟಿ ಬಿಟ್ಟು ಕೂತ್ಕೊಬಹುದು. ಆದ್ರೆ ನಿಮ್ಮ ಮೇಲೆ ಕಾವಲು ಇಟ್ಟಂಗಾಗುತ್ತೆ, ಅದು ನಂಗೆ ಬೇಡ."

ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ನಿಂತರೂ ಮುನಿತಾಯಮ್ಮ ಸೊಸೆಯನ್ನು ಬಾಯಿಬಿಟ್ಟು ಹೊಗಳಿದವಳಲ್ಲ. ಅಂದೂ ಹೊಗಳಲಿಲ್ಲ. ಈ ಹೆಣ್ಣಿನ ಎದೆ ತನ್ನದಕ್ಕಿಂತ ದೊಡ್ಡದು ಎಂದು ಮಾತ್ರ ಮನಸ್ಸಿನಲ್ಲಿ ಒಪ್ಪಿಕೊಂಡಳು.

ಸೋಮವಾರ ಬೆಳಿಗ್ಗೆ ವರ ತಾನೇ ಅಡುಗೆಮನೆಗೆ ಬಂದು ತಟ್ಟೆ ಹಿಡಿದಳು. ಕಣ್ಣು ಊದಿತ್ತು. ಅಮ್ಮನಿಂದ ಎಲ್ಲ ಕೇಳಿ ತಿಳಿದಿದ್ದಳು.

"ಪುಟ್ಟತಾಯಿ ಅಜ್ಜಿಗೆ ಯಾರೂ ಹೇಳಿರ್ಲಿಲ್ಲ. ನಂಗೆ ಗೊತ್ತಿದ್ದೇ ತಿಂತಿದೀನಿ. ಹಾಕು."

ಮುನಿತಾಯಮ್ಮ ಹಾಕಿದಳು. ಹುಡುಗಿ ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದಳು. ಅಂದಿನಿಂದ ದಿನವೂ ಹಾಗೆಯೇ ಕೂತಳು.

ಆ ಐದು ವಾರ ಮನೆಯ ಸದ್ದೇ ಬದಲಾಯಿತು. ಸಂಪತ್ ಮಾತು ಕಡಿಮೆ ಮಾಡಿದ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಬಚ್ಚಲು, ಕಕ್ಕಸು ತಾನೇ ತಿಕ್ಕಿ ತೊಳೆದು ಹೋಗತೊಡಗಿದ. ಮದುವೆಯಾದಂದಿನಿಂದ ಆ ಪೊರಕೆ ಮುಟ್ಟದವನು. ಕುಸುಮಾ ಅದನ್ನು ನೋಡಿಯೂ ನೋಡದಂತಿದ್ದಳು, ಹೇಳಿದರೆ ಎಲ್ಲಿ ಬಿಟ್ಟುಬಿಡುತ್ತಾನೋ ಎಂದು. ವರಮಹಾಲಕ್ಷ್ಮಿ ಹಬ್ಬ ಬಂತು, ಅದು ಹುಡುಗಿ ಹುಟ್ಟಿದ ಹಬ್ಬ. ತಿನ್ನಲೇಬೇಕು ಅಂದ ಮೇಲೆ ಉಪ್ಪಿಟ್ಟೇ ಯಾಕೆ ತಿನ್ನಬೇಕು ಎಂದು ಅವಳು ನ್ಯಾಯ ತೆಗೆದಳು. ಮೂರು ವರ್ಷದ ಮೇಲೆ ತುಪ್ಪ ಸುರಿದುಕೊಂಡು ಮೂರು ಒಬ್ಬಟ್ಟು ತಿಂದಳು. ಕುಸುಮಾ ತಟ್ಟುತ್ತಿದ್ದಳು, ಮುನಿತಾಯಮ್ಮ ಬೇಯಿಸುತ್ತಿದ್ದಳು, ಹುಡುಗಿ ಹೆಂಚಿನ ಪಕ್ಕದಲ್ಲೇ ನಿಂತು ಬಿಸಿಬಿಸಿ ಕಿತ್ತುಕೊಳ್ಳುತ್ತಿದ್ದಳು. ಮಾರನೆಯ ದಿನ ಚಾಪೆ ಬಿಟ್ಟೇಳಲಿಲ್ಲ. ಅಪ್ಪ ತಂದ ಎಳನೀರು ಕುಡಿಯುತ್ತ, ಆ ಒಬ್ಬಟ್ಟಿಗೆ ಇಷ್ಟಾದ್ರೆ ಮೋಸ ಇಲ್ಲ ಬಿಡು ಎಂದಳು. ಮುನಿತಾಯಮ್ಮ ಮಹಡಿಗೆ ಹೋಗಿ ಒಬ್ಬಳೇ ಅತ್ತು, ಮುಖ ತೊಳೆದು ಬಂದಳು.

ಆಮೇಲೆ ಹುಡುಗಿಗೆ ನಗಲೂ ತ್ರಾಣವಿರಲಿಲ್ಲ. ತೂಕ ಇಳಿಯಿತು, ತಲೆ ಬಾಚಿದರೆ ಕೂದಲು ಹಿಡಿಹಿಡಿ ಬಂತು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದ ನೆಂಟರು, ಏನಮ್ಮ ಮಗೂನ ಹಿಂಗೆ ಒಣಗಿಸಿದೀರಿ ಎಂದು ಕುಸುಮಾಳನ್ನು ಚುಚ್ಚಿದರು. ಡಾಕ್ಟರು ಹೇಳಿದ್ದನ್ನು ಮಾಡ್ತಿದೀವಿ ಎಂದಷ್ಟೇ ಹೇಳಿ ಅವಳು ಅರಿಸಿನ ಕುಂಕುಮ ಕೊಟ್ಟಳು. ಮೂವತ್ತಾರನೇ ದಿನ ವರ ಎದ್ದು ನಿಂತವಳು ಗೋಡೆ ಹಿಡಿದು ಕುಸಿದಳು. ಕುಸುಮಾ ಡಾಕ್ಟರಿಗೆ ಫೋನ್ ಮಾಡಿದಳು. ಐದು ವಾರ ಆಗಿದೆಯಲ್ಲ, ಸಾಕು, ಇವತ್ತೇ ಕರೆತನ್ನಿ, ಆದರೆ ಕೊಳವೆ ಪರೀಕ್ಷೆ ಆಗುವವರೆಗೆ ಸ್ವಲ್ಪವಾದರೂ ತಿನ್ನುತ್ತಿರಲಿ ಎಂದರು. ಇನ್ನೊಂದು ವಾರ ಅಜ್ಜಿ ತುತ್ತು ಮಾಡಿ ಬಾಯಿಗಿಟ್ಟಳು, ಮೊಮ್ಮಗಳು ಕಣ್ಣು ಮುಚ್ಚಿ ನುಂಗಿದಳು.

ಈ ಸಲ ರಕ್ತದ ಅಂಕಿ ಮಾಮೂಲಿಗಿಂತ ಎಷ್ಟೋ ಪಟ್ಟು ಏರಿತ್ತು. ಕರುಳಿನ ಚೂರಿನ ಪರೀಕ್ಷೆಯೂ ಅದನ್ನೇ ಹೇಳಿತು. ಡಾಕ್ಟರು ಮಗಳಿಗೂ ತಂದೆತಾಯಿಗೂ ಎಲ್ಲ ವಿವರಿಸಿ, ಹಾಸ್ಟೆಲಿಗೆ ಎರಡು ಪುಟದ ಕಾಗದ ಬರೆದರು. ಸಂಪತ್, ಕುಸುಮಾ ಇಬ್ಬರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅದೂ ಗೋಧಿ ಬಿಡುವ ಮುಂಚೆ, ಬಿಟ್ಟ ಮೇಲೆ ಅಲ್ಲ ಎಂದು ಒತ್ತಿ ಹೇಳಿದರು. ಸಾರಿಗೆ ಹಾಕುವ ಡಬ್ಬಿ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಗೋಧಿ ಬೀಸಿದ ಮಿಲ್ಲಿನಲ್ಲೇ ರಾಗಿ ಬೀಸಿದರೆ ಅದೂ ಸೇರುತ್ತದೆ ಎಂದಾಗ ಮುನಿತಾಯಮ್ಮನ ಕೆನ್ನೆ ಬಿಸಿಯಾಯಿತು. ಮೂರು ವರ್ಷ ತನ್ನ ಸಾರಿನಲ್ಲಿ ಇಂಗಿಲ್ಲದ ದಿನವಿರಲಿಲ್ಲ.

ಎಲ್ಲರೂ ಏಳುವಾಗ ಅವಳು ಮಾತ್ರ ಕುರ್ಚಿಯಲ್ಲೇ ಉಳಿದಳು. ತಂಗಿಯ ವಿಷಯ ಹೇಳಿ, ಅದೂ ಇದೇ ಏನು ಸಾಮಿ ಎಂದು ಕೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದ್ದಿರಬಹುದು ತಾಯಿ. ಖಂಡಿತ ಅಂತ ಇವತ್ತು ಯಾರೂ ಹೇಳಕ್ಕಾಗಲ್ಲ. ಆಗ ಈ ಊರಲ್ಲಿ ಇದರ ಹೆಸರು ತಿಳಿದೋರೂ ಕಮ್ಮಿ. ನೀವು ಹತ್ತು ವರ್ಷದ ಮಗು, ನಿಮ್ಮ ಊಟ ತಂಗೀಗೆ ಕೊಟ್ರಿ. ಅಷ್ಟೇ ನೀವು ಮಾಡಿದ್ದು."

ಮುನಿತಾಯಮ್ಮ ಕೈ ಮುಗಿದು ಎದ್ದಳು. ಮನೆ ಮುಟ್ಟುವವರೆಗೆ ಆಟೋದಲ್ಲಿ ಕುಸುಮಾ ಅತ್ತೆಯ ಕೈ ಹಿಡಿದುಕೊಂಡೇ ಕೂತಿದ್ದಳು.

ಪಿತೃಪಕ್ಷ ಕಳೆದು ದಸರಾ ಬರುವಷ್ಟರಲ್ಲಿ ಹುಡುಗಿ ಅರ್ಧ ಚೇತರಿಸಿಕೊಂಡಳು. ಆಯುಧಪೂಜೆಗೆ ಮಿಲ್ಲು ತೊಳೆದು ಒರೆಸಿದ್ದೇ ನೆವವಾಗಿ, ಮರುದಿನ ಬೇರೆ ಯಾರ ಕಾಳನ್ನೂ ಹಾಕುವ ಮೊದಲೇ ಮಿಲ್ಲಿನ ಮುನಿರಾಜು ಇವರ ಹತ್ತು ಸೇರು ರಾಗಿಯನ್ನು ಬೀಸಿಕೊಟ್ಟ. ಯಾರು ಹಾಸ್ಟೆಲಿಗೆ ಬಿಟ್ಟು ಬರುವುದು ಎಂದು ಮಾತು ಬಂದಾಗ ಸಂಪತ್ ತಾನು ಹೋಗುತ್ತೇನೆಂದ. ಕುಸುಮಾ ಒಪ್ಪಲಿಲ್ಲ.

"ಕಾಗದ ಯಾರು ಬೇಕಾದ್ರೂ ಕೊಡ್ತಾರೆ. ಅಡುಗೆಯವರಿಗೆ ಒಲೆ ಮುಂದೆ ನಿಂತು ಹೇಳೋರು ಬೇಕು. ಅತ್ತೆ ಹೋಗ್ಲಿ."

ಹಾಸ್ಟೆಲಿನಲ್ಲಿ ವಾರ್ಡನ್ನು ಕಾಗದ ಓದಿ ಸಹಿ ಹಾಕಿ ಒಳಗೆ ಕಳಿಸಿದರು. ಅಡುಗೆಯ ಕಲ್ಮೇಶ್ ಧಾರವಾಡದ ಕಡೆಯವನು, ಚಪಾತಿ ಹೆಂಚಿನ ಮೇಲೇ ಜೋಳದ ರೊಟ್ಟಿ ಬಡಿದು ಕೊಟ್ಟರಾಯಿತಲ್ಲ ಅಜ್ಜಿ ಎಂದ. ಆಗೋದಿಲ್ಲಪ್ಪ, ಹೆಂಚು ಬೇರೆ, ಸೌಟು ಬೇರೆ, ಕೈ ತೊಳೆದೇ ಮುಟ್ಟಬೇಕು ಎಂದು ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕ ನಿಂತಳು. ಮುದ್ದೆ ತಿರುವಿ ತೋರಿಸಿದಳು, ಅವನ ಕೈಯಲ್ಲೂ ತಿರುವಿಸಿದಳು. ಹೇಳಿದ್ದನ್ನೆಲ್ಲ ಅವನ ಬಾಯಿಂದ ಎರಡು ಸಲ ಹೇಳಿಸಿದ ಮೇಲೆಯೇ ಹೊರಬಂದಳು. ವರ ಬಸ್ ಸ್ಟಾಂಡಿನವರೆಗೆ ಬರುತ್ತೇನೆಂದರೆ, ಬೇಡ, ಊಟದ ಹೊತ್ತಾಯ್ತು, ಬಿಸಿಯಾಗಿ ಉಣ್ಣು ಹೋಗು ಎಂದು ಗೇಟಿನಿಂದಲೇ ಕಳಿಸಿದಳು.

ವಿಜಯದಶಮಿಯಾದ ನಾಲ್ಕನೇ ದಿನ, ಸೋಮವಾರ, ಬೆಳಿಗ್ಗೆ ಏಳೂವರೆಗೆ ಆ ಮನೆಯಿಂದ ಹೊರಟವರು ಇಬ್ಬರು. ಸಂಜೆ ಆರರ ಬಸ್ಸಿಗೆ ಮುನಿತಾಯಮ್ಮ ಹಿಂದಿರುಗಿದಳು. ಹಾಸ್ಟೆಲಿನಲ್ಲಿ ಉಳಿದವಳು ವರಲಕ್ಷ್ಮಿ.